14 ದಿನ, ಒಂದೇ ರೂಮು: ಮೆಲ್ಬರ್ನ್‌ನಲ್ಲಿ ಸಿಕ್ಕಿಬಿದ್ದ 72 ಟೆನಿಸ್ ಆಟಗಾರರ ಪ್ರಕರಣ

ಟೂರ್‌ಗೆ ಹೋದರೆ ವ್ಯಾಯಾಮ ತಪ್ಪುತ್ತದೆ ಅನ್ನುವುದು ಊರೂರು ತಿರುಗುವವರೆಲ್ಲರ ದೂರು. ಲಾಡ್ಜ್‌ನಲ್ಲಿ ಜಿಮ್ ಇಲ್ಲ. ರೂಮು ಚಿಕ್ಕದು. ಬೆಳಿಗ್ಗೆ ಗಡಿಬಿಡಿ, ರಾತ್ರಿ ಸುಸ್ತು. "ಮನೆಗೆ ಹೋದ ಮೇಲೆ ನೋಡೋಣ ಬಿಡಿ" ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. ಹೋಟೆಲ್ ರೂಮಿನಲ್ಲಿ ಮೈಯನ್ನು ಎಷ್ಟರಮಟ್ಟಿಗೆ ಉಳಿಸಿಕೊಳ್ಳಬಹುದು ಅಂತ ಸರಿಯಾಗಿ ಪರೀಕ್ಷೆ ಮಾಡಬೇಕಾದರೆ ಏನು ಮಾಡಬೇಕು? ಒಳ್ಳೆ ಕಸುವಿರುವ ಒಂದಷ್ಟು ಜನರನ್ನು ರೂಮುಗಳಲ್ಲಿ ಕೂಡಿಹಾಕಬೇಕು. ಎರಡು ವಾರ ಹೊಸಿಲು ದಾಟಲು ಬಿಡಬಾರದು. ಆಮೇಲೆ ಅವರನ್ನು ಹೊರಗೆ ಕರೆತಂದು, ಎಲ್ಲರೂ ನೋಡುತ್ತಿರುವಾಗ, ಗಂಟೆಗಟ್ಟಲೆ ಓಡಿಸಬೇಕು. ಇಂಥದ್ದಕ್ಕೆ ಯಾರೂ ಒಪ್ಪುವುದಿಲ್ಲ. ಆದರೆ 2021ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಇದು ತಾನಾಗಿಯೇ ನಡೆದುಹೋಯಿತು.

ಆ ದಿನಗಳಲ್ಲಿ ನಮ್ಮ ಕಣ್ಣೆಲ್ಲ ಬ್ರಿಸ್ಬೇನ್ ಮೇಲಿತ್ತು. ಜನವರಿ 19ರಂದು ಗಾಬಾದಲ್ಲಿ ಭಾರತ ಟೆಸ್ಟ್ ಗೆದ್ದು ಸರಣಿಯನ್ನೂ ಹೊತ್ತುಕೊಂಡು ಬಂತು. ಆ ಸಂಭ್ರಮದಲ್ಲಿ ಅದೇ ದೇಶದ ಇನ್ನೊಂದು ಊರಿನ ಹೋಟೆಲ್‌ಗಳಲ್ಲಿ ಏನಾಗುತ್ತಿದೆ ಅಂತ ನೋಡುವ ಪುರುಸೊತ್ತು ಯಾರಿಗಿತ್ತು?

ಬೀಗ ಬಿದ್ದದ್ದು ಹೇಗೆ

ಆಸ್ಟ್ರೇಲಿಯನ್ ಓಪನ್ ಟೆನಿಸ್ ಪ್ರತಿ ವರ್ಷ ಜನವರಿಯಲ್ಲಿ ನಡೆಯುತ್ತದೆ. ಕೋವಿಡ್‌ನಿಂದಾಗಿ ಆ ವರ್ಷ ಅದನ್ನು ಫೆಬ್ರವರಿ 8ಕ್ಕೆ ಮುಂದೂಡಿದ್ದರು. ಹೊರದೇಶದಿಂದ ಬಂದವರು ಯಾರೇ ಆಗಲಿ 14 ದಿನ ಹೋಟೆಲ್ ಕ್ವಾರಂಟೈನ್‌ನಲ್ಲಿ ಇರಬೇಕಿತ್ತು. ಇದರಲ್ಲಿ ಸಡಿಲ ಮಾಡುವ ಮನಸ್ಸು ಮೆಲ್ಬರ್ನ್‌ಗೆ ಇರಲಿಲ್ಲ. ಅದಕ್ಕೆ ಕಾರಣವೂ ಇತ್ತು. 2020ರ ಮಧ್ಯದಲ್ಲಿ ಹೋಟೆಲ್ ಕ್ವಾರಂಟೈನ್‌ನಿಂದಲೇ ಸೋಂಕು ಸೋರಿ ಅಲ್ಲಿ ಎರಡನೇ ಅಲೆ ಎದ್ದಿತ್ತು. ಊರಿಗೆ ಊರೇ ನೂರಕ್ಕೂ ಹೆಚ್ಚು ದಿನ ಮನೆಯೊಳಗೆ ಕೂತಿತ್ತು. ಅಂಥ ಊರಿಗೆ ಆಟಗಾರರು, ಕೋಚ್‌ಗಳು, ಫಿಸಿಯೋಗಳು ಎಲ್ಲ ಸೇರಿ ಸಾವಿರಕ್ಕೂ ಹೆಚ್ಚು ಜನ ವಿಶೇಷ ವಿಮಾನಗಳಲ್ಲಿ ಬಂದಿಳಿದರು. ಸ್ಥಳೀಯರಿಗೆ ಸಿಟ್ಟು ಬಂದಿದ್ದರಲ್ಲಿ ಆಶ್ಚರ್ಯ ಏನೂ ಇಲ್ಲ.

ಆಟಗಾರರಿಗೆ ಒಂದೇ ಒಂದು ರಿಯಾಯಿತಿ ಇತ್ತು. ದಿನಕ್ಕೆ ಐದು ಗಂಟೆ ರೂಮಿನಿಂದ ಹೊರಗೆ ಬಂದು, ಕಾವಲಿನಲ್ಲೇ ಕೋರ್ಟ್ ಮತ್ತು ಜಿಮ್‌ನಲ್ಲಿ ಅಭ್ಯಾಸ ಮಾಡಬಹುದಿತ್ತು. ಆದರೆ ಮೂರು ವಿಮಾನಗಳಲ್ಲಿ ಸೋಂಕು ಪತ್ತೆಯಾಯಿತು. ಲಾಸ್ ಏಂಜಲೀಸ್‌ನಿಂದ ಬಂದ ವಿಮಾನದಲ್ಲಿ 24 ಆಟಗಾರರಿದ್ದರು, ಅಬುಧಾಬಿಯಿಂದ ಬಂದದ್ದರಲ್ಲಿ 23, ದೋಹಾದಿಂದ ಬಂದದ್ದರಲ್ಲಿ 25. ಅಕ್ಕಪಕ್ಕದ ಸೀಟಿನವರು ಮಾತ್ರವಲ್ಲ, ವಿಮಾನದಲ್ಲಿದ್ದ ಎಲ್ಲರೂ ಸೋಂಕಿತರ ಸಂಪರ್ಕಕ್ಕೆ ಬಂದವರು ಅಂತ ಆರೋಗ್ಯ ಇಲಾಖೆ ತೀರ್ಮಾನಿಸಿತು. ಈ 72 ಜನಕ್ಕೆ ಆ ಐದು ಗಂಟೆಯೂ ಹೋಯಿತು. ಇಡೀ ವಿಮಾನಕ್ಕೆ ಬೀಗ ಬೀಳುತ್ತದೆ ಅಂತ ನಮಗೆ ಮೊದಲೇ ಹೇಳಿರಲಿಲ್ಲ ಅಂತ ಕೆಲವರು ಬಹಿರಂಗವಾಗಿಯೇ ದೂರಿದರು. ನೊವಾಕ್ ಜೊಕೊವಿಚ್ ಸಂಘಟಕರಿಗೆ ಒಂದು ಬೇಡಿಕೆ ಪಟ್ಟಿಯನ್ನೇ ಕಳಿಸಿದರು. ಕ್ವಾರಂಟೈನ್ ದಿನ ಕಡಿಮೆ ಮಾಡಿ, ರೂಮಿಗೆ ವ್ಯಾಯಾಮದ ಸಾಮಾನು ಕೊಡಿ, ಒಳ್ಳೆ ಊಟ ಕೊಡಿ ಅಂತ ಅದರಲ್ಲಿತ್ತು. ವಿಶೇಷ ಸವಲತ್ತು ಯಾರಿಗೂ ಇಲ್ಲ ಅಂತ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಆಗಿನ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಡೇನಿಯಲ್ ಆಂಡ್ರ್ಯೂಸ್ ಖಡಕ್ಕಾಗಿ ಹೇಳಿದರು. ಅಷ್ಟರಲ್ಲಿ ಜೊಕೊವಿಚ್, ನಡಾಲ್, ಸೆರೆನಾ, ಒಸಾಕಾರಂಥ ದೊಡ್ಡ ಹೆಸರಿನವರು ಅಡಿಲೇಡ್‌ನಲ್ಲಿ ಬೇರೆಯಾಗಿ, ಇನ್ನೂ ಸ್ವಲ್ಪ ಆರಾಮಾಗಿ ಇದ್ದರು. ಒಳಗಿದ್ದವರ ಹೊಟ್ಟೆ ಉರಿಯದೆ ಇರುತ್ತದೆಯೇ?

ಒಟ್ಟಿನಲ್ಲಿ ಒಂದೇ ಪಂದ್ಯಾವಳಿಗೆ ಎರಡು ಗುಂಪು. ಒಂದು ಗುಂಪು ದಿನಾ ಕೋರ್ಟ್‌ಗೆ ಹೋಗಿ ಬರುತ್ತಿತ್ತು. ಇನ್ನೊಂದು ಗುಂಪಿಗೆ ಮಂಚ, ಟಿವಿ, ಬಾತ್‌ರೂಮು, ತೆಗೆಯಲು ಬಾರದ ಕಿಟಕಿ ಅಷ್ಟೇ.

ರೂಮಿನೊಳಗೆ ಏನೇನು ಮಾಡಿದರು

ವ್ಯಾಯಾಮದ ಸೈಕಲ್, ಚಾಪೆ, ತೂಕಗಳನ್ನು ಸಂಘಟಕರು ರೂಮುಗಳಿಗೆ ಕಳಿಸಿದರು. ಆದರೆ ಎಲ್ಲರಿಗೂ ಅದು ಒಂದೇ ಹೊತ್ತಿಗೆ ಮುಟ್ಟಲಿಲ್ಲ. ಸ್ಪೇನ್‌ನ ಪೌಲಾ ಬಡೋಸಾ ಕೇಳಿದರೂ ಸಾಮಾನು ಸಿಗಲಿಲ್ಲ ಅಂತ ಹೇಳಿಕೊಂಡರು. ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಸಾವಿರ ಜನರನ್ನು ಕೋವಿಡ್ ಕಾಲದಲ್ಲಿ ವಿಮಾನ ಹತ್ತಿಸುವವರಿಗೆ ಯಾವುದಾದರೂ ಒಂದು ವಿಮಾನದಲ್ಲಿ ಸೋಂಕು ಬರುತ್ತದೆ ಅಂತ ಮೊದಲೇ ಗೊತ್ತಿರಬೇಕು. ಸೈಕಲ್‌ಗಳು ಆಟಗಾರರಿಗಿಂತ ಮುಂಚೆ ರೂಮಿಗೆ ಬಂದಿರಬೇಕಿತ್ತು.

ಸಾಮಾನು ಇರಲಿ ಬಿಡಲಿ, ಆಟಗಾರರು ಸುಮ್ನೆ ಕೂರಲಿಲ್ಲ. ಅವರು ಹಾಕಿದ ವಿಡಿಯೋಗಳು ಇಡೀ ಜಗತ್ತು ಸುತ್ತಿದವು. ಉರುಗ್ವೆಯ ಪಾಬ್ಲೊ ಕ್ಯುವಾಸ್ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಅದಕ್ಕೆ ಚೆಂಡು ಹೊಡೆದರು. ಸ್ವಿಟ್ಜರ್ಲೆಂಡ್‌ನ ಬೆಲಿಂದಾ ಬೆನ್ಸಿಚ್ ಕಿಟಕಿಯ ಗಾಜಿಗೇ ಹೊಡೆದರು. ಕಜಕಸ್ತಾನದ ಯೂಲಿಯಾ ಪುತಿನ್ತ್ಸೇವಾ ಗೋಡೆಗೆ ಹೊಡೆಯುತ್ತಿದ್ದಾಗ ಅವರ ರೂಮಿನಲ್ಲಿ ಇಲಿಯೂ ಓಡಾಡುತ್ತಿತ್ತಂತೆ. ಬ್ರಿಟನ್‌ನ ಹೆದರ್ ವಾಟ್ಸನ್ ರೂಮಿನಲ್ಲೇ ಅತ್ತಿಂದಿತ್ತ 5 ಕಿಲೋಮೀಟರ್ ಓಡಿದರು.

ಇವುಗಳಲ್ಲಿ ಎರಡನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಮೊದಲನೆಯದು ಹಾಸಿಗೆ. ಸ್ಪ್ರಿಂಗ್ ಇರುವ ದಪ್ಪ ಹಾಸಿಗೆಯನ್ನು ನೆಟ್ಟಗೆ ನಿಲ್ಲಿಸಿ ಎರಡು ಹೆಜ್ಜೆ ದೂರದಿಂದ ಚೆಂಡು ಹೊಡೆದರೆ ಅದರ ವೇಗ ಅಲ್ಲೇ ಸಾಯುತ್ತದೆ. ಗಾಜು ಒಡೆಯುವುದಿಲ್ಲ, ಪಕ್ಕದ ರೂಮಿನವರಿಗೆ ಸದ್ದಿಲ್ಲ. ಇದರಿಂದ ಏನು ಉಳಿಯುತ್ತದೆ? ಅಂಗೈಯ ಚರ್ಮದ ಗಡಸು, ಮಣಿಕಟ್ಟು, ಹಿಡಿತ, ಭುಜ ಬೀಸುವ ಅಭ್ಯಾಸ. ಆದರೆ ಚೆಂಡು ಎಲ್ಲಿ ಬರುತ್ತದೆ ಅಂತ ಮೊದಲೇ ಗೊತ್ತು. ಅದರ ಕಡೆಗೆ ಓಡಬೇಕಾಗಿಲ್ಲ, ಓಡಿ ನಿಲ್ಲಬೇಕಾಗಿಲ್ಲ. ಇಪ್ಪತ್ತಮೂರು ಮೀಟರ್‌ಗೂ ಉದ್ದದ ಕೋರ್ಟ್‌ನ ಆ ಕಡೆಯಿಂದ ಬರುವ ಚೆಂಡನ್ನು ಹಿಡಿಯುವ ಕಣ್ಣು ಎರಡು ವಾರ ಗೋಡೆ ನೋಡುತ್ತಾ ಕೂತಿರುತ್ತದೆ. ಟೆನಿಸ್‌ನ ಅರ್ಧ ಮಾತ್ರ ರೂಮಿಗೆ ಹಿಡಿಯುತ್ತದೆ. ಸುಲಭದ ಅರ್ಧ ಅದು.

ಎರಡನೆಯದು ಓಟ. ರೂಮಿನ ಉದ್ದ 5 ಮೀಟರ್ ಅಂತ ಇಟ್ಟುಕೊಂಡರೆ 5 ಕಿಲೋಮೀಟರ್‌ಗೆ ಸಾವಿರ ಸಲ ಆ ಕಡೆಯಿಂದ ಈ ಕಡೆಗೆ ಹೋಗಬೇಕು. ಅಂದರೆ ಸುಮಾರು ಸಾವಿರ ತಿರುವು. ನಾಲ್ಕು ಹೆಜ್ಜೆಗೆ ಒಮ್ಮೆ ನಿಂತು ತಿರುಗುವ ಓಟ ಓಟವೇ ಅಲ್ಲ. ಎದೆಬಡಿತ ಬೇಕಾದಷ್ಟು ಏರುವುದಿಲ್ಲ, ಮೊಣಕಾಲು ಮತ್ತು ಹರಡು ಮಾತ್ರ ಸವೆಯುತ್ತವೆ. ಮನಸ್ಸಿಗೆ ಒಂದು ಸಮಾಧಾನ, ಅಷ್ಟೇ. ಆ ಪರಿಸ್ಥಿತಿಯಲ್ಲಿ ಅದೂ ದೊಡ್ಡದೇ ಅನ್ನಿ. ಆದರೆ ಇದನ್ನು ನೋಡಿ ನಮ್ಮವರು ಯಾರಾದರೂ ಲಾಡ್ಜ್ ರೂಮಿನಲ್ಲಿ ಓಡಲು ಶುರು ಮಾಡಿದರೆ ನಾನು ಬೇಡ ಅನ್ನುತ್ತೇನೆ.

ಹೊರಗೆ ಬಂದ ಮೇಲೆ

ಜನವರಿ ಕೊನೆಗೆ ಬಾಗಿಲು ತೆರೆಯಿತು. ಪಂದ್ಯಾವಳಿಗೆ ಸುಮಾರು ಹತ್ತು ದಿನ ಉಳಿದಿತ್ತು. ಬೇರೆಯವರ ಅಭ್ಯಾಸ ಪಂದ್ಯಗಳು ಮೊದಲೇ ಶುರುವಾದವು. ಬೀಗದೊಳಗಿದ್ದ ಮಹಿಳೆಯರಿಗಾಗಿಯೇ ಫೆಬ್ರವರಿ 3ರಿಂದ ಗ್ರಾಂಪಿಯನ್ಸ್ ಟ್ರೋಫಿ ಅಂತ ಒಂದು ಪಂದ್ಯಾವಳಿ ಇಟ್ಟರು. ಅದರ ನಡುವೆಯೇ ಒಬ್ಬ ಹೋಟೆಲ್ ನೌಕರನಿಗೆ ಸೋಂಕು ಬಂದು ಒಂದು ದಿನದ ಆಟವೆಲ್ಲ ನಿಂತಿತು. ಹೊತ್ತು ಸಾಲದೆ ಆ ಟ್ರೋಫಿಯ ಫೈನಲ್ ನಡೆಯಲೇ ಇಲ್ಲ.

ಈಗ ಮೂವರನ್ನು ನೋಡೋಣ. ಮೂವರೂ 14 ದಿನದ ಬೀಗ ಕಂಡವರು.

ವಿಕ್ಟೋರಿಯಾ ಅಜರೆಂಕಾ 2012 ಮತ್ತು 2013ರಲ್ಲಿ ಇದೇ ಪಂದ್ಯಾವಳಿ ಗೆದ್ದವರು. ಈ ಸಲ ಮೊದಲ ಸುತ್ತಿನಲ್ಲೇ ಜೆಸಿಕಾ ಪೆಗುಲಾಗೆ ನೇರ ಸೆಟ್‌ಗಳಲ್ಲಿ ಸೋತರು. ಪಂದ್ಯದ ನಡುವೆ ಉಸಿರಾಟಕ್ಕೆ ಕಷ್ಟವಾಗಿ ವೈದ್ಯರನ್ನು ಕರೆಸಬೇಕಾಯಿತು.

ಪೌಲಾ ಬಡೋಸಾಗೆ ಇನ್ನೂ ಕೆಟ್ಟ ಕಾಲ. ಕ್ವಾರಂಟೈನ್‌ನ ಒಂದು ವಾರ ಕಳೆದ ಮೇಲೆ ಅವರಿಗೇ ಸೋಂಕು ತಗುಲಿತು. ಎಣಿಕೆ ಮತ್ತೆ ಮೊದಲಿನಿಂದ ಶುರುವಾಯಿತು. ಎಲ್ಲ ಸೇರಿ ಸುಮಾರು ಮೂರು ವಾರ ಒಳಗೇ ಇದ್ದರು. ಹೊರಗೆ ಬಂದು ಮೊದಲ ಸುತ್ತಿನಲ್ಲಿ ಮೂರು ಸೆಟ್‌ಗಳ ದೀರ್ಘ ಪಂದ್ಯ ಆಡಿ ಸೋತರು.

ಜೆನಿಫರ್ ಬ್ರೇಡಿ ಅಮೆರಿಕದವರು, 22ನೇ ಶ್ರೇಯಾಂಕ. ಲಾಸ್ ಏಂಜಲೀಸ್ ವಿಮಾನದಲ್ಲಿ ಬಂದು ಸಿಕ್ಕಿಹಾಕಿಕೊಂಡಿದ್ದರು. ಅವರೂ ಸೈಕಲ್ ತುಳಿದರು, ತೂಕ ಎತ್ತಿದರು, ಹಾಸಿಗೆಗೆ ಚೆಂಡು ಹೊಡೆದರು. ಹೊರಗೆ ಬಂದು ಮೊದಲ ನಾಲ್ಕು ಸುತ್ತು ಒಂದು ಸೆಟ್ಟೂ ಬಿಟ್ಟುಕೊಡದೆ ಗೆದ್ದರು. ಕ್ವಾರ್ಟರ್ ಫೈನಲ್‌ನಲ್ಲಿ, ಅಜರೆಂಕಾರನ್ನು ಸೋಲಿಸಿದ್ದ ಅದೇ ಪೆಗುಲಾ ಎದುರು ಮೊದಲ ಸೆಟ್ ಸೋತು, ಮುಂದಿನ ಎರಡನ್ನು 6-2, 6-1ರಲ್ಲಿ ಗೆದ್ದರು. ಪಂದ್ಯ ಉದ್ದವಾದಷ್ಟೂ ಇವರದೇ ಕೈ ಮೇಲಾಯಿತು ಅನ್ನುವುದನ್ನು ಗಮನಿಸಿ. ಸೆಮಿಫೈನಲ್ ಕೂಡ ಮೂರು ಸೆಟ್. ಫೆಬ್ರವರಿ 20ರ ಫೈನಲ್‌ನಲ್ಲಿ ನವೋಮಿ ಒಸಾಕಾ ಎದುರು 4-6, 3-6ರಲ್ಲಿ ಸೋತರು.

ಹಾಗಾದರೆ ರೂಮು ಬ್ರೇಡಿಗೆ ಏನೂ ಮಾಡಲಿಲ್ಲವೇ? ಹಾಗೆ ಹೇಳಲು ಬರುವುದಿಲ್ಲ. ಅವರು ಹೋಗುವ ಮುಂಚೆಯೇ ಒಳ್ಳೆ ಲಯದಲ್ಲಿದ್ದವರು. 2020ರ ಯುಎಸ್ ಓಪನ್‌ನಲ್ಲಿ ಸೆಮಿಫೈನಲ್ ಆಡಿದ್ದರು. ಮೇಲಿನಿಂದ ಇಳಿಯುವವರಿಗೆ ಇಳಿಯಲು ಜಾಗ ಜಾಸ್ತಿ ಇರುತ್ತದೆ. ಒಬ್ಬರು ಗೆದ್ದರು ಅಂತ ಎಲ್ಲ ಸರಿ ಇತ್ತು ಅನ್ನುವುದು ತಪ್ಪು, ಇಬ್ಬರು ಮೊದಲ ಸುತ್ತಿನಲ್ಲಿ ಸೋತರು ಅಂತ ರೂಮೇ ಕಾರಣ ಅನ್ನುವುದೂ ತಪ್ಪು. ಟೆನಿಸ್‌ನಲ್ಲಿ ಮೊದಲ ಸುತ್ತಿನಲ್ಲಿ ಅರ್ಧ ಜನ ಸೋಲಲೇಬೇಕು. ಈ ಪ್ರಕರಣದಿಂದ ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟು: 14 ದಿನ ರೂಮಿನಲ್ಲಿದ್ದೂ ಗ್ರ್ಯಾಂಡ್ ಸ್ಲ್ಯಾಮ್ ಫೈನಲ್ ತಲುಪುವಷ್ಟು ಮೈ ಉಳಿಯಬಹುದು. ಬಡೋಸಾ ಕಥೆಯಿಂದ ಇನ್ನೊಂದು ತಿಳಿಯುತ್ತದೆ. ಅವರು ಅದೇ ಏಪ್ರಿಲ್‌ನಲ್ಲಿ ಆಗಿನ ನಂಬರ್ ಒನ್ ಆ್ಯಶ್ ಬಾರ್ಟಿಯನ್ನು ಸೋಲಿಸಿದರು, ಅಕ್ಟೋಬರ್‌ನಲ್ಲಿ ಅಮೆರಿಕದ ಇಂಡಿಯನ್ ವೆಲ್ಸ್ ಪಂದ್ಯಾವಳಿ ಗೆದ್ದರು. ಕಳೆದುಕೊಂಡದ್ದು ಕೆಲವೇ ತಿಂಗಳಲ್ಲಿ ವಾಪಸ್ ಬಂತು.

(ಬ್ರೇಡಿ ಅದೇ ವರ್ಷದ ಆಗಸ್ಟ್ ನಂತರ ಗಾಯಗಳಿಂದಾಗಿ ಸುಮಾರು ಎರಡು ವರ್ಷ ಆಡಲಿಲ್ಲ. ಅದಕ್ಕೂ ಮೆಲ್ಬರ್ನ್ ರೂಮಿಗೂ ಗಂಟು ಹಾಕುವವರಿದ್ದಾರೆ. ಹಾಗೆ ಗಂಟು ಹಾಕಲು ನನಗೆ ಯಾವ ಆಧಾರವೂ ಕಾಣುವುದಿಲ್ಲ.)

ಮೈಯೊಳಗೆ ಆಗುವುದೇನು

ಸುಮ್ಮನೆ ಮಲಗಿದರೆ ಮೈ ಎಷ್ಟು ಬೇಗ ಕರಗುತ್ತದೆ ಅನ್ನುವುದಕ್ಕೆ 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ನಡೆದ ಪ್ರಯೋಗ ಪ್ರಸಿದ್ಧ. 20ರ ವಯಸ್ಸಿನ ಐವರು ಹುಡುಗರನ್ನು ಮೂರು ವಾರ ಹಾಸಿಗೆಯಿಂದ ಏಳದಂತೆ ಮಲಗಿಸಿದರು. ಅವರ ಮೈ ಆಮ್ಲಜನಕವನ್ನು ಬಳಸುವ ಗರಿಷ್ಠ ಶಕ್ತಿ ಶೇಕಡ 28ರಷ್ಟು ಬಿತ್ತು. ದಮ್ಮು ಅಂತ ನಾವು ಹೇಳುವುದು ಹೆಚ್ಚುಕಡಿಮೆ ಇದನ್ನೇ. ಮೂವತ್ತು ವರ್ಷ ಕಳೆದ ಮೇಲೆ ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಮೂವತ್ತು ವರ್ಷದ ಮುಪ್ಪಿಗಿಂತ ಆ ಮೂರು ವಾರದ ಹಾಸಿಗೆಯೇ ಅವರ ದಮ್ಮನ್ನು ಜಾಸ್ತಿ ತಿಂದಿತ್ತು ಅಂತ ಗೊತ್ತಾಯಿತು!

ಇದು ಪೂರ್ತಿ ಮಲಗಿದವರ ಲೆಕ್ಕ. ಎದ್ದು ಓಡಾಡಿಕೊಂಡು, ತರಬೇತಿ ಮಾತ್ರ ನಿಲ್ಲಿಸಿದವರದು ಬೇರೆ. ಚೆನ್ನಾಗಿ ಪಳಗಿದ ಓಟಗಾರರು, ಸೈಕಲ್ ಸವಾರರು ತರಬೇತಿ ನಿಲ್ಲಿಸಿದಾಗ ಮೊದಲ ಮೂರು ವಾರದಲ್ಲಿ ಸುಮಾರು ಶೇಕಡ 7ರಷ್ಟು ದಮ್ಮು ಇಳಿಯಿತು ಅಂತ 1984ರ ಒಂದು ಅಧ್ಯಯನ ಹೇಳುತ್ತದೆ. ಮೊದಲು ಹೋಗುವುದು ಸ್ನಾಯು ಅಲ್ಲ. ಮೈಯಲ್ಲಿ ರಕ್ತದ ನೀರಿನಂಶ ಕಡಿಮೆಯಾಗುತ್ತದೆ, ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾಗುತ್ತದೆ. ಅದಕ್ಕೇ ವಾರ ಬಿಟ್ಟು ಮೆಟ್ಟಿಲು ಹತ್ತಿದರೆ ಕಾಲಿಗಿಂತ ಮೊದಲು ಉಸಿರು ದೂರು ಹೇಳುತ್ತದೆ. ಶಕ್ತಿ, ಅಂದರೆ ಭಾರ ಎತ್ತುವ ತಾಕತ್ತು, ಎರಡು ಮೂರು ವಾರ ಏನೂ ಮಾಡದಿದ್ದರೂ ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಹಾಗಾಗಿ ರೂಮಿನಲ್ಲಿ ಕಾಯಬೇಕಾದದ್ದು ದಮ್ಮನ್ನು. ಹೇಗೆ ಕಾಯುವುದು ಅನ್ನುವುದಕ್ಕೆ ರಾಬರ್ಟ್ ಹಿಕ್ಸನ್ ಅನ್ನುವ ಅಮೆರಿಕದ ಸಂಶೋಧಕರು 1980ರ ದಶಕದ ಮೊದಲ ಅರ್ಧದಲ್ಲಿ ಒಂದು ಸಾಲು ಪ್ರಯೋಗ ಮಾಡಿದರು. ಜನರನ್ನು ಹತ್ತು ವಾರ, ವಾರಕ್ಕೆ 6 ದಿನ, ದಿನಕ್ಕೆ 40 ನಿಮಿಷ ಬೆವರಿಳಿಸಿ ಪಳಗಿಸಿದರು. ಆಮೇಲೆ ಕಡಿತ ಮಾಡುತ್ತಾ ಹೋದರು. ವಾರಕ್ಕೆ 6 ದಿನದ ಬದಲು 2 ದಿನ ಮಾಡಿಸಿದಾಗ ದಮ್ಮು ಉಳಿಯಿತು. ದಿನಾ 40 ನಿಮಿಷದ ಬದಲು 13 ನಿಮಿಷ ಮಾಡಿಸಿದಾಗಲೂ ಉಳಿಯಿತು, ತುಂಬಾ ಹೊತ್ತು ಎಳೆಯುವ ತಾಳಿಕೆ ಮಾತ್ರ ಸ್ವಲ್ಪ ಇಳಿಯಿತು. ಆದರೆ ದಿನವೂ ಹೊತ್ತೂ ಹಾಗೇ ಇಟ್ಟು ಬಿರುಸು ಮಾತ್ರ ಕಡಿಮೆ ಮಾಡಿದಾಗ ದಮ್ಮು ಜಾರಿತು. ಉರಿ ಸಣ್ಣ ಮಾಡಿ ಎಷ್ಟು ಹೊತ್ತು ಕಾದರೂ ರೊಟ್ಟಿ ಉಬ್ಬುವುದಿಲ್ಲವಲ್ಲ, ಹಾಗೆ.

ಮೆಲ್ಬರ್ನ್ ಪ್ರಕರಣವನ್ನು ಈ ಕಣ್ಣಿನಿಂದ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ವಿಡಿಯೋದಲ್ಲಿ ಹೆಸರು ಮಾಡಿದ್ದು ಹಾಸಿಗೆಗೆ ಹೊಡೆದ ಚೆಂಡು. ಆದರೆ ಮೈ ಕಾದದ್ದು ಮೂಲೆಯಲ್ಲಿದ್ದ ಸೈಕಲ್ ಅಂತ ನನ್ನ ಅಂದಾಜು. ಕೂತಲ್ಲೇ ಎದೆಬಡಿತವನ್ನು ಮೇಲಕ್ಕೆ ಏರಿಸಲು ಆ ರೂಮಿನಲ್ಲಿ ಅದಕ್ಕಿಂತ ಒಳ್ಳೆ ಸಾಮಾನು ಇರಲಿಲ್ಲ. ಅದು ಸಿಗದವರು, ತಡವಾಗಿ ಸಿಕ್ಕವರು ಎಷ್ಟೇ ಚೆಂಡು ಹೊಡೆದರೂ ಬಿರುಸಿನ ಕೆಲಸ ಕಡಿಮೆಯೇ ಆಗಿರಬೇಕು.

ಸೈಕಲ್‌ನಿಂದ ಆಗದ್ದೂ ಇದೆ. ಓಡಿ ಗಕ್ಕನೆ ನಿಲ್ಲುವುದು, ಪಕ್ಕಕ್ಕೆ ಜಿಗಿಯುವುದು, ಫೆಬ್ರವರಿಯ ಬಿಸಿಲಿಗೆ ಮೈ ಒಗ್ಗಿಸಿಕೊಳ್ಳುವುದು ಇವೆಲ್ಲ ಹೊರಗೇ ಆಗಬೇಕು. ಬಾಗಿಲು ತೆರೆದ ಮೇಲಿನ ಆ ಹತ್ತು ದಿನಗಳೇ ನಿಜವಾಗಿ ಅಪಾಯದ ದಿನಗಳು. ದಮ್ಮು ಇದೆ, ಹುಮ್ಮಸ್ಸು ಇದೆ, ಮೀನಖಂಡ ಮತ್ತು ಹಿಮ್ಮಡಿಯ ನರಗಳು ಮಾತ್ರ ಎರಡು ವಾರದಿಂದ ಕಾರ್ಪೆಟ್ ಮೇಲೆ ಆರಾಮಾಗಿವೆ.

ನಮ್ಮ ಲಾಡ್ಜ್ ರೂಮಿಗೆ ಬಂದರೆ

ನಮಗೆ ಬೀಗ ಯಾರೂ ಹಾಕುವುದಿಲ್ಲ. ಎರಡು ದಿನಕ್ಕೆ ಮದುವೆಗೋ ಮೀಟಿಂಗ್‌ಗೋ ಹೋಗುವವರು ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಕಾಗಿಲ್ಲ. ಎರಡು ದಿನದಲ್ಲಿ ಏನೂ ಹೋಗುವುದಿಲ್ಲ. ಚೆನ್ನಾಗಿ ನಿದ್ದೆ ಮಾಡಿ ಬನ್ನಿ.

ಕಷ್ಟ ಇರುವುದು ಪ್ರತಿ ತಿಂಗಳೂ ಅರ್ಧ ತಿಂಗಳು ಹೊರಗಿರುವವರಿಗೆ. ಮೆಡಿಕಲ್ ರೆಪ್‌ಗಳು, ಮಷಿನ್ ಸರ್ವೀಸ್ ಎಂಜಿನಿಯರ್‌ಗಳು, ಆಡಿಟ್‌ಗೆ ಹೋಗುವವರು, ಬೀಜ ಗೊಬ್ಬರದ ಕಂಪನಿಯವರು. ಸೋಮವಾರ ಹುಬ್ಬಳ್ಳಿ, ಮಂಗಳವಾರ ಗದಗ, ಬುಧವಾರ ಕೊಪ್ಪಳ, ಗುರುವಾರ ರಾಯಚೂರು. ಆ 72 ಜನ ಒಮ್ಮೆ 14 ದಿನ ಒಳಗಿದ್ದರು. ಇವರು ಪ್ರತಿ ತಿಂಗಳೂ 14 ದಿನ, ತುಂಡು ತುಂಡಾಗಿ. ಲಾಡ್ಜ್‌ನಲ್ಲಿ ಮಾಡುವುದಿಲ್ಲ, ಮನೆಗೆ ಬಂದ ಮೇಲೆ ಸುಸ್ತು ಅಂತ ಮಾಡುವುದಿಲ್ಲ. ಹೀಗೆ ವರ್ಷಗಟ್ಟಲೆ ನಡೆದರೆ ಯಾವ ಕ್ವಾರಂಟೈನೂ ಬೇಡ.

ಇವರಿಗೆ ಹಿಕ್ಸನ್ ಲೆಕ್ಕ ಸಿಹಿಸುದ್ದಿ. ಟೂರ್‌ನಲ್ಲಿ ಏನನ್ನೂ ಬೆಳೆಸುವ ಆಸೆ ಬೇಡ. ಇದ್ದದ್ದು ಉಳಿದರೆ ಸಾಕು. ಅದಕ್ಕೆ ಹದಿನೈದು ನಿಮಿಷ ಸಾಕಾಗುತ್ತದೆ, ಆದರೆ ಆ ಹದಿನೈದು ನಿಮಿಷ ಮಾತಾಡಲು ಆಗದಷ್ಟು ಏದುಸಿರು ಬರಬೇಕು. ಮೊಬೈಲ್‌ನಲ್ಲಿ ಸುದ್ದಿ ನೋಡುತ್ತಾ ಅರ್ಧ ಗಂಟೆ ಕೈಕಾಲು ಆಡಿಸಿದರೆ ಕೀಲು ಸಡಿಲವಾಗುತ್ತವೆ, ದಮ್ಮು ಉಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ 2020ರ ತನ್ನ ಮಾರ್ಗಸೂಚಿಯಲ್ಲಿ ಒಂದು ಹಳೆಯ ಕಟ್ಟಳೆ ಕೈಬಿಟ್ಟಿತು. ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಮಾಡಿದರೆ ಮಾತ್ರ ಲೆಕ್ಕ ಅನ್ನುವ ಮಾತು ಈಗ ಇಲ್ಲ. ವಾರಕ್ಕೆ ಬಿರುಸಿನದಾದರೆ 75ರಿಂದ 150 ನಿಮಿಷ, ಸಾಧಾರಣದ್ದಾದರೆ 150ರಿಂದ 300 ನಿಮಿಷ. ಅದನ್ನು ಹೇಗೆ ತುಂಡು ಮಾಡಿಕೊಂಡರೂ ಸರಿ.

ಸೈಕಲ್ ಇಲ್ಲದ ರೂಮಿನಲ್ಲಿ ಏದುಸಿರು ತರುವುದು ಹೇಗೆ? ಮೊದಲ ಉತ್ತರ ರೂಮಿನ ಹೊರಗಿದೆ: ಮೆಟ್ಟಿಲು. ನಮ್ಮ ಬಹುಪಾಲು ಲಾಡ್ಜ್‌ಗಳು ಮೂರು ನಾಲ್ಕು ಮಹಡಿ. ಬೆಳಿಗ್ಗೆ ಆರಕ್ಕೆ ಅಲ್ಲಿ ಹಾಲಿನವನು, ಪೇಪರಿನವನು ಬಿಟ್ಟರೆ ಯಾರೂ ಇರುವುದಿಲ್ಲ. ಬಿರುಸಾಗಿ ಹತ್ತಿ, ನಿಧಾನ ಇಳಿಯಿರಿ. ಇಳಿಯುವಾಗ ಕಂಬಿ ಹಿಡಿಯಿರಿ. ರಿಸೆಪ್ಷನ್ ಹುಡುಗ ಮೊದಲ ದಿನ ವಿಚಿತ್ರವಾಗಿ ನೋಡುತ್ತಾನೆ, ಎರಡನೇ ದಿನ ಗುಡ್ ಮಾರ್ನಿಂಗ್ ಸರ್ ಅನ್ನುತ್ತಾನೆ. ಹೆಣ್ಣುಮಕ್ಕಳಿಗೆ ಗೊತ್ತಿಲ್ಲದ ಊರಿನ ಖಾಲಿ ಮೆಟ್ಟಿಲು ಸರಿ ಅನಿಸದೆ ಇರಬಹುದು. ಆಗ ರೂಮೇ ಗತಿ.

ರೂಮಿನೊಳಗೆ ಬಸ್ಕಿ ಮತ್ತು ದಂಡ. ಹೊಸದೇನೂ ಅಲ್ಲ ಅಲ್ವಾ? ಮೈಸೂರಿನ ಗರಡಿ ಮನೆಗಳನ್ನು ನೋಡಿದವರಿಗೆ ಗೊತ್ತು, ಒಳಗೆ ಜಾಗ ಎಷ್ಟಿರುತ್ತದೆ ಅಂತ. ಮಣ್ಣಿನ ಅಖಾಡ ಬಿಟ್ಟರೆ ಒಬ್ಬ ಪೈಲ್ವಾನ ಕೈಕಾಲು ಚಾಚುವಷ್ಟು ನೆಲ. ಅಲ್ಲೇ ಅವರು ನೂರಾರು ಬಸ್ಕಿ ಹೊಡೆದು ತೊಡೆ ಬೆಳೆಸಿದರು. ನಮಗೆ ನೂರಾರು ಬೇಡ. ಒಂದು ನಿಮಿಷ ಬಿರುಸಾಗಿ ಬಸ್ಕಿ, ಅರ್ಧ ನಿಮಿಷ ನಿಂತು ಉಸಿರು, ಒಂದು ನಿಮಿಷ ದಂಡ, ಮತ್ತೆ ಉಸಿರು. ಹೀಗೆ ಐದಾರು ಸುತ್ತು ಬಂದರೆ ಬೆವರು ನೆಲಕ್ಕೆ ಹನಿಯುತ್ತದೆ. ಸೂರ್ಯ ನಮಸ್ಕಾರ ಗೊತ್ತಿದ್ದವರು ಅದನ್ನೇ ವೇಗವಾಗಿ ಮಾಡಬಹುದು. ದಂಡ ಆಗದವರು ಮಂಚದ ಅಂಚಿಗೆ ಕೈ ಕೊಟ್ಟು ಮಾಡಲಿ. ಭಾರ ಬೇಕು ಅನ್ನುವವರಿಗೆ ತಮ್ಮದೇ ಬ್ಯಾಗು ಇದೆ. ಒಂದು ಲೀಟರಿನ ನೀರಿನ ಬಾಟಲಿ ಒಂದು ಕೆಜಿ. ನಾಲ್ಕು ಬಾಟಲಿ ತುಂಬಿ ಬ್ಯಾಗಿಗೆ ಹಾಕಿ ಹೆಗಲಿಗೇರಿಸಿ ಬಸ್ಕಿ ಹೊಡೆದು ನೋಡಿ.

ಕೆಲವು ಎಚ್ಚರಿಕೆಗಳು ನಮ್ಮ ರೂಮುಗಳಿಗೇ ಸೇರಿದವು. ಹೊರಗಿನವರು ಮಾಡಿದ ವ್ಯಾಯಾಮದ ವಿಡಿಯೋಗಳಲ್ಲಿ ಇವು ಸಿಗುವುದಿಲ್ಲ. ಮೊದಲು ತಲೆ ಎತ್ತಿ ಸೀಲಿಂಗ್ ಫ್ಯಾನ್ ನೋಡಿ. ಚಾವಣಿ ತಗ್ಗಾಗಿದ್ದರೆ ಕೈ ಎತ್ತಿ ಜಿಗಿಯುವ ಯಾವುದನ್ನೂ ಅದರ ಕೆಳಗೆ ಮಾಡಬೇಡಿ. ಟೈಲ್ಸ್ ನೆಲದ ಮೇಲೆ ಬರೀ ಸಾಕ್ಸ್‌ನಲ್ಲಿ ನಿಲ್ಲಬೇಡಿ, ಬರಿಗಾಲು ವಾಸಿ. ಬೆವರು ಬಿದ್ದಲ್ಲಿ ಲಾಡ್ಜ್‌ನ ಟವೆಲ್ ಹಾಸಿದರೆ ಅದೇ ಜಾರುತ್ತದೆ, ಒದ್ದೆ ಮಾಡಿ ಹಿಂಡಿ ಹಾಸಿದರೆ ಅಷ್ಟು ಜಾರುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಗೆ ಬೆನ್ನ ಹಿಂದೆ ಕೈ ಕೊಟ್ಟು ಮೈ ಇಳಿಸುವ ಸಾಹಸ ಬೇಡವೇ ಬೇಡ. ಕೆಳಗಿನ ರೂಮಿನಲ್ಲಿ ರಾತ್ರಿ ಎರಡು ಗಂಟೆಗೆ ಬಸ್ಸಿಳಿದು ಬಂದವರು ಮಲಗಿರುತ್ತಾರೆ. ಬೆಳಿಗ್ಗೆ ಐದಕ್ಕೆ ಧಡಧಡ ಜಿಗಿಯುವುದು ಸರಿಯಲ್ಲ.

ಬಿಪಿ ಇರುವವರು ಉಸಿರು ಬಿಗಿ ಹಿಡಿದು ಭಾರ ಎತ್ತಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬಿರುಸಿನ ವ್ಯಾಯಾಮ ಮಾಡುವ ಮುಂಚೆ ತಮ್ಮ ಡಾಕ್ಟರನ್ನು ಒಮ್ಮೆ ಕೇಳಿಕೊಳ್ಳಬೇಕು. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೆ ನಿಲ್ಲಿಸಿ. ಗೊತ್ತಿಲ್ಲದ ಊರು, ಒಬ್ಬರೇ ಇರುವ ರೂಮು ಅನ್ನುವುದು ನೆನಪಿರಲಿ. ಬಾಗಿಲಿಗೆ ಮೇಲಿನ ಚಿಲಕ ಹಾಕದೆ ಬರೀ ಲಾಕ್ ಮಾಡಿಕೊಂಡರೆ ಬೇಕಾದಾಗ ಹೊರಗಿನಿಂದ ತೆಗೆಯಲು ಆಗುತ್ತದೆ. ಹೆಂಗಸರು ಇದನ್ನು ತಮ್ಮ ಸುರಕ್ಷತೆ ನೋಡಿಕೊಂಡು ತೀರ್ಮಾನಿಸಲಿ.

ಶಕ್ತಿಯ ವ್ಯಾಯಾಮ ವಾರಕ್ಕೊಂದು ಸಲ ಸರಿಯಾಗಿ ಮಾಡಿದರೂ ಚಿಕ್ಕ ವಯಸ್ಸಿನವರ ಸ್ನಾಯು ಉಳಿಯುತ್ತದೆ. ಅರವತ್ತು ದಾಟಿದವರಿಗೆ ಅಷ್ಟು ಸಾಲದು. ನಿವೃತ್ತಿಯಾದ ಮೇಲೆ ತೀರ್ಥಯಾತ್ರೆ, ಮಕ್ಕಳ ಮನೆ ಅಂತ ತಿಂಗಳುಗಟ್ಟಲೆ ಓಡಾಡುವ ದಂಪತಿಗಳು ದಿನ ಬಿಟ್ಟು ದಿನವಾದರೂ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ಅಭ್ಯಾಸ ಇಟ್ಟುಕೊಳ್ಳಬೇಕು.

ಇನ್ನು ವಾಪಸ್ ಬಂದ ಮೊದಲ ವಾರ. ಮೆಲ್ಬರ್ನ್‌ನವರಿಗೆ ಆ ಹತ್ತು ದಿನ ಎಷ್ಟು ನಾಜೂಕಾಗಿತ್ತೋ ನಮಗೂ ಅಷ್ಟೇ. ಟೂರ್‌ನಲ್ಲಿ ಬಿಟ್ಟದ್ದನ್ನೆಲ್ಲ ಭಾನುವಾರ ಒಂದೇ ಸಲಕ್ಕೆ ತೀರಿಸುತ್ತೇನೆ ಅಂತ ಹೊರಡುವವರೇ ಸೋಮವಾರ ಕುಂಟುತ್ತಾ ಆಫೀಸಿಗೆ ಬರುವುದು. ಓಡುವವರಾದರೆ ಮೊದಲ ದಿನ ಎಂದಿನ ಅರ್ಧ ದೂರ ಸಾಕು, ಕೊನೆಯ ಭಾಗ ನಡೆಯಿರಿ. ಜಿಮ್‌ನವರು ಒಂದು ಹೆಜ್ಜೆ ಕಡಿಮೆ ತೂಕದಿಂದ ಶುರು ಮಾಡಲಿ. ಶಟಲ್ ಆಡುವವರಾದರೆ ಮೊದಲ ದಿನ ಸಿಂಗಲ್ಸ್ ಬೇಡ, ಡಬಲ್ಸ್ ಆಡಿ. ಗೆಳೆಯರು ಎಷ್ಟೇ ಕೆಣಕಿದರೂ ಎರಡು ಗೇಮ್‌ಗೆ ನಿಲ್ಲಿಸಿ. ಮೂರನೇ ದಿನ ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಹಿಡಿದುಕೊಳ್ಳಲಿಲ್ಲ ಅಂದರೆ ಸಿಂಗಲ್ಸ್‌ಗೆ ಇಳಿಯಬಹುದು.